ಬೋರ್ಡೋದ ಬಿಳಿ ವೈನ್: ಮರದಲ್ಲೇ ಹುದುಗಿಸಿದ್ದಕ್ಕೆ ಮರದ ರುಚಿ ಕಡಿಮೆ ಏಕೆ?

ಪ್ರಶ್ನೆ: ಜಯನಗರವಾಸಿ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಫ್ರಾನ್ಸಿನಿಂದ ಬಂದ ನಮ್ಮ ಭಾವನವರು ಬೋರ್ಡೋ ಪಕ್ಕದ ಪೆಸಾಕ್-ಲೆಯೊನ್ಯಾಂ ಎಂಬಲ್ಲಿಯ ಒಂದು ಬಿಳಿ ವೈನ್ ತಂದುಕೊಟ್ಟರು. ಸೋವಿನ್ಯೋಂ ಬ್ಲಾಂ ಮತ್ತು ಸೆಮಿಯೋಂ ದ್ರಾಕ್ಷಿಗಳ ಮಿಶ್ರಣವೆಂದೂ, ಓಕ್ ಮರದ ಪೀಪಾಯಿಯಲ್ಲೇ ಹುದುಗಿಸಿ ಹನ್ನೊಂದು ತಿಂಗಳು ಅಲ್ಲೇ ಇರಿಸಿದ್ದೆಂದೂ ಸೀಸೆಯ ಹಿಂಬದಿಯಲ್ಲಿ ಬರೆದಿತ್ತು. ಹನ್ನೊಂದು ತಿಂಗಳು ಮರದೊಳಗಿದ್ದ ಮೇಲೆ ಬಣ್ಣ ಗಾಢವಾಗಿ, ವಾಸನೆ ವೆನಿಲ್ಲಾ ಐಸ್‌ಕ್ರೀಮಿನಂತೆ ಇರುತ್ತದೆ ಎಂದುಕೊಂಡು ತೆರೆದರೆ, ಲೋಟಕ್ಕೆ ಬಿದ್ದದ್ದು ಎಳೆ ಹುಲ್ಲಿನ ಛಾಯೆಯ ತೆಳು ಹಳದಿ ರಸ. ಫ್ರಿಜ್ಜಿನಿಂದ ತೆಗೆದ ಕೂಡಲೇ ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಮೊದಲು ಚಕ್ಕೋತದ ಸಿಪ್ಪೆಯ ಘಮ, ಆಮೇಲೆ ಜೇನುಮೇಣ, ಕೊನೆಗೆ ಹುರಿದ ಗೋಡಂಬಿಯಂಥದೊಂದು ಛಾಯೆ ಕಾಣಿಸಿತು. ಮರ ಎಲ್ಲಿಯೂ ಎದ್ದು ತೋರಲಿಲ್ಲ.

ನನ್ನ ಗೊಂದಲ ಹುಟ್ಟಿದ್ದು ಹೋಲಿಕೆಯಿಂದ. ಹಿಂದೊಮ್ಮೆ ಇಲ್ಲಿಯೇ ಕೊಂಡಿದ್ದ ಇನ್ನೊಂದು ಬಿಳಿ ವೈನ್ ಉಕ್ಕಿನ ತೊಟ್ಟಿಯಲ್ಲಿ ಹುದುಗಿ, ಅನಂತರ ಆರೇ ತಿಂಗಳು ಓಕ್ ಕಂಡಿತ್ತು. ಅದು ಮಾತ್ರ ಕೊಬ್ಬರಿ, ವೆನಿಲ್ಲಾ ಮತ್ತು ಒಗರಿನಿಂದ ತುಂಬಿಹೋಗಿತ್ತು, ಬಣ್ಣವೂ ಗಾಢ. ಹೆಚ್ಚು ಕಾಲ ಮರದಲ್ಲಿದ್ದದ್ದು ಕಡಿಮೆ ಮರವನ್ನು ತೋರುವುದು ಹೇಗೆ ಸಾಧ್ಯ? ಎರಡು ಬೇರೆ ದ್ರಾಕ್ಷಿಗಳನ್ನು ಬೆರೆಸುವುದರ ಉದ್ದೇಶವೇನು? ಉಳಿದ ಅರ್ಧ ಸೀಸೆ ಮರುದಿನ ಇನ್ನೂ ಚೆನ್ನಾಗಿತ್ತು ಎಂಬುದನ್ನೂ ಸೇರಿಸಬೇಕು. ಅದು ನನ್ನ ಭ್ರಮೆಯಾಗಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಗರೋನ್ ದಂಡೆ

ನಿಮ್ಮ ನಾಲಗೆ ಸರಿಯಾಗಿಯೇ ಗ್ರಹಿಸಿದೆ. ಪೆಸಾಕ್-ಲೆಯೊನ್ಯಾಂ ಇರುವ ಗ್ರಾವ್ ಸೀಮೆಯ ಒಂದು ವೈನ್ ನೆಲಮಾಳಿಗೆಯಲ್ಲಿ ಎರಡು ಸುಗ್ಗಿಗಳಲ್ಲಿ ಕೂಲಿಯಾಗಿ ದುಡಿದವನು ನಾನು. ನೀವು ಕೇಳಿರುವ ಪ್ರಶ್ನೆಯನ್ನೇ ಮೊದಲ ವಾರ ಅಲ್ಲಿಯ ಮೇಸ್ತ್ರಿಯ ಮುಂದಿಟ್ಟು ನಗೆಗೀಡಾಗಿದ್ದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಪೀಪಾಯಿಯನ್ನು ಮಾಡುವಾಗ ಓಕ್ ಹಲಗೆಗಳನ್ನು ಬೆಂಕಿಯ ಮೇಲೆ ಬಾಗಿಸಿ, ಒಳಮೈಯನ್ನು ಹದವಾಗಿ ಸುಡುತ್ತಾರೆ. ಆ ಸುಟ್ಟ ಮೈಯಿಂದ ವೈನಿಗೆ ವೆನಿಲಿನ್, ಲವಂಗದಲ್ಲಿರುವ ಯೂಜಿನಾಲ್, ಹೊಗೆಯ ವಾಸನೆಯ ಗ್ವಾಯಕಾಲ್ ಮೊದಲಾದ ಘಮವಸ್ತುಗಳು ಇಳಿಯುತ್ತವೆ. ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಮರದಲ್ಲಿ ಮೊದಲೇ ಇರುತ್ತದೆ. ಹುದುಗು ಮುಗಿದು, ಸೋಸಿ, ಯೀಸ್ಟಿನಿಂದ ಬೇರ್ಪಡಿಸಿದ ವೈನನ್ನು ಈ ಪೀಪಾಯಿಗೆ ತುಂಬಿದರೆ ಮರ ಕೊಟ್ಟದ್ದೆಲ್ಲ ಅದರಲ್ಲಿ ಹಾಗೆಯೇ ಉಳಿಯುತ್ತದೆ. ನೀವು ಇಲ್ಲಿ ಕೊಂಡ ವೈನಿಗೆ ಆದದ್ದು ಅದೇ. ದ್ರಾಕ್ಷಿರಸವನ್ನೇ ಪೀಪಾಯಿಗೆ ತುಂಬಿ ಅಲ್ಲೇ ಹುದುಗಿಸಿದಾಗ ಕಥೆ ಬೇರೆಯಾಗುತ್ತದೆ. ಬದುಕಿರುವ ಯೀಸ್ಟ್ ವೆನಿಲಿನ್ನನ್ನು ಸುಮ್ಮನೆ ಬಿಡದೆ, ಹೆಚ್ಚುಕಡಿಮೆ ವಾಸನೆಯೇ ಇಲ್ಲದ ವೆನಿಲಿಲ್ ಆಲ್ಕೊಹಾಲ್ ಆಗಿ ಮಾರ್ಪಡಿಸುತ್ತದೆ. ಸಕ್ಕರೆಯೆಲ್ಲ ತೀರಿದ ಮೇಲೆ ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ಕೂರುತ್ತದೆ. ಅದರ ಕೋಶಗಳ ಗೋಡೆಗಳು ಮರದ ಒಗರನ್ನೂ, ಮುಂದೆ ಹಳದಿಗೆ ತಿರುಗಬಹುದಾದ ಫೀನಾಲ್‌ಗಳನ್ನೂ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ. ಹೀಗಾಗಿ ಮರದೊಳಗೆ ಹುಟ್ಟಿದ ವೈನ್, ಮರದೊಳಗೆ ತಡವಾಗಿ ಹೊಕ್ಕ ವೈನಿಗಿಂತ ತೆಳು ಬಣ್ಣದ್ದೂ ಮೃದುವಾದದ್ದೂ ಆಗಿ ಹೊರಬರುತ್ತದೆ.

ಹಾಗಾದರೆ ಮರದ ಉಪಯೋಗವೇನು ಎಂದು ನೀವು ಕೇಳಬಹುದು. ಬೋರ್ಡೋದ ಪೀಪಾಯಿ 225 ಲೀಟರಿನದು, ಅಂದರೆ 300 ಸೀಸೆಗಳಷ್ಟು. ಅಷ್ಟು ಸಣ್ಣ ಪಾತ್ರೆಯಲ್ಲಿ ವೈನಿಗೂ ಗಸಿಗೂ ಇರುವ ಒಡನಾಟ ದೊಡ್ಡ ತೊಟ್ಟಿಯಲ್ಲಿ ಸಿಗುವುದಿಲ್ಲ. ಎತ್ತರದ ಉಕ್ಕಿನ ತೊಟ್ಟಿಯ ತಳದಲ್ಲಿ ಗಸಿ ತನ್ನದೇ ಭಾರಕ್ಕೆ ಗಟ್ಟಿಯಾಗಿ ಅದುಮಿಕೊಂಡು ಕೊಳೆತ ಮೊಟ್ಟೆಯ ವಾಸನೆಯನ್ನು ಹುಟ್ಟಿಸುತ್ತದೆ. ಪೀಪಾಯಿಯಲ್ಲಿ ಅದು ತೆಳುವಾಗಿ ಹರಡಿಕೊಂಡಿರುತ್ತದೆ, ಮರದ ಸಂದಿನಿಂದ ಅತ್ಯಲ್ಪ ಗಾಳಿಯೂ ಆಡುತ್ತಿರುತ್ತದೆ. ವಾರಕ್ಕೊಮ್ಮೆಯೋ ಎರಡು ಬಾರಿಯೋ ಬಾಯಿಯ ಬಿರಡೆ ತೆಗೆದು, ಬಾಗಿದ ತುದಿಯ ಸರಳೊಂದನ್ನು ಇಳಿಸಿ, ಗಸಿಯನ್ನು ಕದಡಿ ಎಬ್ಬಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಬಾತೊನಾಜ್ ಎಂದು ಅದರ ಹೆಸರು. ಕೇಳಲು ಸುಲಭ, ಸಾಲಿಗೆ ನಲವತ್ತು ಪೀಪಾಯಿಗಳೆಂದರೆ ಸಂಜೆಗೆ ಭುಜ ಸೋತುಹೋಗುತ್ತದೆ. ಪೀಪಾಯಿಯ ಮೇಲುಭಾಗದ ವೈನಿಗೆ ಗಾಳಿ ಹೆಚ್ಚು, ತಳದ್ದಕ್ಕೆ ಕಡಿಮೆ. ಕದಡುವುದರಿಂದ ಈ ಎರಡೂ ಸಮವಾಗುತ್ತವೆ, ಗಸಿಯು ಆಮ್ಲಜನಕವನ್ನು ತಾನೇ ಹೀರಿಕೊಂಡು ವೈನನ್ನು ಕಾಯುತ್ತದೆ. ಯೀಸ್ಟಿನ ಕೋಶಗಳು ಕರಗುತ್ತ ಬಿಟ್ಟುಕೊಡುವ ಮ್ಯಾನೊಪ್ರೋಟೀನ್‌ಗಳು ಇಂಥ ವೈನಿನ ತುಂಬಿದ, ನುಣುಪಾದ ಬಾಯಿರುಚಿಗೆ ಕಾರಣ. ವೈನ್ ಮುಂದೆ ಮಬ್ಬಾಗದಂತೆ ತಡೆಯುವುದೂ ಅವೇ.

ಇದೆಲ್ಲವನ್ನೂ ಬರಿಯ ರೂಢಿಯಿಂದ ಬಿಡಿಸಿ ವಿಜ್ಞಾನದ ನೆಲೆಗೆ ತಂದವರಲ್ಲಿ ಮುಖ್ಯರು ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ದೆನಿ ದುಬೂರ್ದ್ಯು (1949–2016). ಅವರು ಸ್ವತಃ ತೋಟಗಾರ ಮನೆತನದವರು. ಅದಕ್ಕೂ ಹಿಂದಿನ ಕಾಲದ ಸಾಧಾರಣ ಬೋರ್ಡೋ ಬಿಳಿ ವೈನ್‌ಗಳಲ್ಲಿ ಗಂಧಕದ ಘಾಟು ಸಾಮಾನ್ಯವಾಗಿತ್ತು, ಹಳೆಯ ಗಲೀಜು ಪೀಪಾಯಿಗಳ ಮುಗ್ಗಲು ವಾಸನೆಯೂ ಸೇರಿಕೊಳ್ಳುತ್ತಿತ್ತು. ಹಣ್ಣಿನ ಶುಚಿ, ರಸವನ್ನು ಹುದುಗಿಸುವ ಮುನ್ನ ಎಷ್ಟು ತಿಳಿಯಾಗಿಸಬೇಕೆಂಬ ಹದ, ಗಸಿಯ ಮೇಲಿನ ವಾಸ ಇವುಗಳ ಬಗೆಗೆ ಅವರೂ ಅವರ ಶಿಷ್ಯರೂ ಮಾಡಿದ ಕೆಲಸದ ಫಲವನ್ನೇ ನೀವು ಕುಡಿದದ್ದು ಎಂದರೆ ಹೆಚ್ಚಲ್ಲ.

ಇನ್ನು ಬೆರಕೆಯ ವಿಷಯ. ಸೋವಿನ್ಯೋಂ ಹುಳಿಯ ಹಣ್ಣು. ಮೂಗಿಗೆ ಥಟ್ಟನೆ ಹತ್ತುತ್ತದೆ, ಚಕ್ಕೋತದ ಘಮ ಅದರದು. ಆದರೆ ಒಂಟಿಯಾಗಿ ನಿಂತರೆ ನಡುವೆ ಎಲ್ಲೋ ಟೊಳ್ಳು. ಸೆಮಿಯೋಂ ಎಳೆಯದಿದ್ದಾಗ ಮೂಗಿಗೆ ಏನನ್ನೂ ಹೇಳದ, ಹುಳಿ ಕಡಿಮೆಯ, ಆದರೆ ಬಾಯಿ ತುಂಬುವ ಹಣ್ಣು. ವರ್ಷ ಕಳೆದಂತೆ ಅದರಲ್ಲಿ ಜೇನುಮೇಣ ಮತ್ತು ಹುರಿದ ಬೀಜಗಳ ಗುಣ ಬೆಳೆಯುತ್ತದೆ. ಪೆಸಾಕ್-ಲೆಯೊನ್ಯಾಂ ಎಂಬ ಹೆಸರು ಹಾಕಲು ಬಿಳಿ ವೈನಿನಲ್ಲಿ ಕನಿಷ್ಠ ಶೇ. 25ರಷ್ಟು ಸೋವಿನ್ಯೋಂ ಇರಬೇಕೆಂಬ ನಿಯಮವಿದೆ. ಉಳಿದದ್ದು ಒಡೆಯನ ಇಚ್ಛೆ, ಹಾಗಾಗಿ ಕೆಲವರು ಹೆಚ್ಚುಕಡಿಮೆ ಪೂರ್ತಿ ಸೋವಿನ್ಯೋಂ ಬಳಸುತ್ತಾರೆ, ಕೆಲವರು ಸಮಪಾಲು. ಎರಡನ್ನೂ ಬೇರೆ ಬೇರೆ ದಿನಗಳಲ್ಲಿ ಕೊಯ್ದು, ಬೇರೆ ಬೇರೆ ಪೀಪಾಯಿಗಳಲ್ಲೇ ಹುದುಗಿಸಿ, ತಿಂಗಳುಗಳ ಮೇಲೆ ರುಚಿ ನೋಡಿ ಬೆರೆಸುವುದೇ ಹೆಚ್ಚು. ನಾನಿದ್ದಲ್ಲಿ ಬೆರಕೆಯ ಪ್ರಮಾಣ ನಿರ್ಧಾರವಾದ ದಿನ ಮೂರು ಪೀಪಾಯಿಗಳನ್ನು ಮಿಶ್ರಣಕ್ಕೆ ಸೇರಿಸದೆ ಹೊರಗಿಟ್ಟರು. ಅವುಗಳಲ್ಲಿ ಒಂದು, ನಾನು ಮೇಲಿನವರೆಗೆ ತುಂಬಲು ಮರೆತಿದ್ದ ಪೀಪಾಯಿ. ಮರದ ಮೂಲಕ ಆವಿಯಾಗಿ ತಗ್ಗಿದ ವೈನಿನ ಜಾಗವನ್ನು ಗಾಳಿ ಹಿಡಿದಿತ್ತು. ಯಾರೂ ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಉತ್ತರ: ಅಡಕೆತೋಟ

ವೈನಿನ ಅನುಭವ ನನಗೆ ಅಷ್ಟಾಗಿ ಇಲ್ಲ, ಆದರೆ ಬೋರ್ಡೋ ಎಂಬ ಹೆಸರನ್ನು ಪ್ರತಿ ಮಳೆಗಾಲದಲ್ಲೂ ಉಚ್ಚರಿಸುವವರ ಪೈಕಿ ನಾನೊಬ್ಬ. ಶಿರಸಿ ಕಡೆಯ ನಮ್ಮ ಅಡಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹುಟ್ಟಿದ್ದು ಅದೇ ಊರಿನ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ, ಸಸ್ಯಶಾಸ್ತ್ರಜ್ಞ ಮಿಲಾರ್ದೆಯವರ ಕೈಯಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಅಡಕೆಯ ಕೊಳೆಗೆ ಬಳಸಿ ತೋರಿಸಿದರು. ನನ್ನ ಪ್ರಶ್ನೆ ಇಷ್ಟೆ: ಗೊಂಚಲಿನ ಮೇಲೆ ಉಳಿದ ಆ ತಾಮ್ರ ರಸಕ್ಕೂ ಬರುತ್ತದಲ್ಲವೇ? ಅಷ್ಟು ನಾಜೂಕಾದ ಘಮಕ್ಕೆ ಅದರಿಂದ ತೊಂದರೆಯಾಗುವುದಿಲ್ಲವೇ?

ಉತ್ತರ: ಗರೋನ್ ದಂಡೆ

ಅಡಕೆತೋಟದವರೇ, ನೀವು ಕೇಳಿದ್ದು ಈ ವೈನಿನ ಮರ್ಮದ ಪ್ರಶ್ನೆ. ತೊಂದರೆಯಾಗುತ್ತದೆ. ಸೋವಿನ್ಯೋಂನ ಚಕ್ಕೋತ, ಪ್ಯಾಶನ್‌ಫ್ರೂಟ್ ಮತ್ತು ಕಾಡುಗಿಡದ ವಾಸನೆಗಳಿಗೆ ಕಾರಣವಾದವು ಥಯೋಲ್ ಎಂಬ, ಗಂಧಕವನ್ನು ಒಳಗೊಂಡ ವಸ್ತುಗಳು. ಲೀಟರಿಗೆ ನ್ಯಾನೋಗ್ರಾಂಗಳ ಲೆಕ್ಕದಲ್ಲಿದ್ದರೂ ಮೂಗಿಗೆ ತಿಳಿಯುವಷ್ಟು ತೀಕ್ಷ್ಣ ಅವು. ದುಬೂರ್ದ್ಯು ಅವರ ಪ್ರಯೋಗಾಲಯದಲ್ಲಿ, ಮುಖ್ಯವಾಗಿ ಜಪಾನಿನಿಂದ ಬಂದ ತಕತೋಶಿ ತೋಮಿನಾಗ ಅವರ ಕೆಲಸದಿಂದ, 1990ರ ದಶಕದಲ್ಲಿ ಇವುಗಳ ಗುಟ್ಟು ಬಯಲಾಯಿತು. ಹಣ್ಣಿನಲ್ಲಿ ಇವು ಸಿಸ್ಟೀನ್ ಎಂಬ ಅಮಿನೋ ಆಮ್ಲಕ್ಕೆ ಕಟ್ಟಿಕೊಂಡಿದ್ದು ವಾಸನೆಯಿಲ್ಲದೆ ಇರುತ್ತವೆ, ಹುದುಗುವಾಗ ಯೀಸ್ಟ್ ಆ ಕಟ್ಟನ್ನು ಬಿಡಿಸುತ್ತದೆ. ಸೋವಿನ್ಯೋಂ ಹಣ್ಣನ್ನು ಅಗಿದರೆ ಮೊದಲು ಸಪ್ಪೆಯಾಗಿದ್ದು, ಅರೆನಿಮಿಷದ ಮೇಲೆ ಬಾಯಲ್ಲಿ ಘಮ ಏಳುವುದನ್ನು ತೋಟದಲ್ಲಿ ನಾನೇ ಎಷ್ಟೋ ಸಲ ನೋಡಿದ್ದೇನೆ.

ತಾಮ್ರವು ಥಯೋಲ್‌ಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಆದ್ದರಿಂದ ಘಮದ ಬಗೆಗೆ ಕಾಳಜಿಯಿರುವ ತೋಟಗಳಲ್ಲಿ ಬಿಳಿ ದ್ರಾಕ್ಷಿಗೆ, ಅದರಲ್ಲೂ ಹಣ್ಣಾಗುವ ಹೊತ್ತಿಗೆ, ತಾಮ್ರದ ಸಿಂಪಡಣೆಯನ್ನು ತಪ್ಪಿಸುತ್ತಾರೆ. ಬೋರ್ಡೋ ದ್ರಾವಣ ಬೋರ್ಡೋ ಬಿಳಿ ವೈನಿಗೇ ಒಗ್ಗದಿರುವುದು ನನಗಂತೂ ತಮಾಷೆಯಾಗಿ ಕಂಡಿತ್ತು. ಇದೇ ಥಯೋಲ್‌ಗಳಿಗೆ ಗಾಳಿಯೂ ಶತ್ರು. ಗಾಳಿಯಾಡುವ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇದ್ದೂ ಚಕ್ಕೋತದ ವಾಸನೆ ಉಳಿದಿದ್ದರೆ, ಅದಕ್ಕೆ ಮತ್ತೆ ಗಸಿಯ ಕಾವಲೇ ಕಾರಣ.

ಉತ್ತರ: ನಂದಿ ತಪ್ಪಲು

ಗರೋನ್ ದಂಡೆಯವರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಮಾತನ್ನು ತಿದ್ದಬೇಕೆನಿಸುತ್ತದೆ. ಹುದುಗಿಸುವ ಕ್ರಮವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಮರ ಯಾವುದು, ಎಷ್ಟು ಹೊಸದು, ಎಷ್ಟು ಸುಟ್ಟದ್ದು ಎಂಬುದೂ ಅಷ್ಟೇ ಮುಖ್ಯ. ಜಯನಗರದವರು ಹೇಳಿದ ಕೊಬ್ಬರಿ ವಾಸನೆ ಅಮೆರಿಕದ ಓಕ್ ಮರದ ಲಕ್ಷಣವೂ ಹೌದು, ಏಕೆಂದರೆ ಅದರಲ್ಲಿ ಆ ಲ್ಯಾಕ್ಟೋನ್ ಫ್ರೆಂಚ್ ಓಕ್‌ಗಿಂತ ಬಹಳ ಹೆಚ್ಚು. ಪೀಪಾಯಿಗೆ ಬದಲಾಗಿ ಓಕ್ ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ ತೊಟ್ಟಿಗೆ ಇಳಿಸುವ ಅಗ್ಗದ ದಾರಿಯೂ ಪ್ರಪಂಚದಾದ್ಯಂತ ಇದೆ. ಅದರಲ್ಲಿ ಮರದ ಘಮ ಮಾತ್ರ ಸಿಗುತ್ತದೆ, ನಿಧಾನದ ಗಾಳಿಯಾಗಲಿ ಗಸಿಯ ಒಡನಾಟವಾಗಲಿ ಸಿಗದು. ಗ್ರಾವ್ ಸೀಮೆಯ ಒಳ್ಳೆಯ ಮನೆಗಳು ಬಿಳಿ ವೈನಿಗೆ ಎಲ್ಲ ಪೀಪಾಯಿಗಳನ್ನೂ ಹೊಸದಾಗಿ ಕೊಳ್ಳುವುದಿಲ್ಲ. ಮೂರರಲ್ಲೊಂದು ಭಾಗ ಹೊಸತು, ಉಳಿದವು ಒಂದೆರಡು ಸುಗ್ಗಿ ಕಂಡವು ಎಂಬಂಥ ಲೆಕ್ಕ ಅಲ್ಲಿ ಸಾಮಾನ್ಯ. ಪೀಪಾಯಿಯೊಂದಕ್ಕೆ ಸುಮಾರು 900 ಯೂರೋ ಎಂದಿಟ್ಟುಕೊಂಡರೆ ಹೊಸ ಮರವೊಂದೇ ಸೀಸೆಗೆ ಮೂರು ಯೂರೋ ಸೇರಿಸುತ್ತದೆಯೆಂಬುದನ್ನೂ ಮರೆಯಬಾರದು.

ನಮ್ಮ ನಂದಿ ಬೆಟ್ಟದ ಸುತ್ತಲಿನ ದ್ರಾಕ್ಷಿಗೆ ಇದೇ ಕ್ರಮವನ್ನು ಹಾಗೆಯೇ ಹೊದಿಸಬಹುದೇ ಎಂದು ಕೆಲವರು ಕೇಳುವುದುಂಟು. ಇಲ್ಲಿ ಗ್ರೋವರ್ ಸಂಸ್ಥೆ ವೈನ್ ದ್ರಾಕ್ಷಿ ಬೆಳೆಯಲು ತೊಡಗಿದ್ದು 1980ರ ದಶಕದ ಕೊನೆಯಲ್ಲಿ. ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾನ್ ಅವರೇ ಮುಂದೆ ಸಲಹೆಗಾರರಾಗಿ ಬಂದರು. ಆದರೆ ಬೋರ್ಡೋದಲ್ಲಿ ಬಿಳಿ ದ್ರಾಕ್ಷಿಯನ್ನು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನ ತಂಪು ಬೆಳಗಿನಲ್ಲಿ ಕೊಯ್ದರೆ, ನಾವು ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರಿ, ಬಿಸಿಲು ಏರುತ್ತಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಯುತ್ತೇವೆ. ಹಣ್ಣಿನ ಹುಳಿ ಬೇಗ ಇಳಿದುಬಿಡುತ್ತದೆ. ಸೆಮಿಯೋಂನಂತಹ ಮೊದಲೇ ಹುಳಿ ಕಡಿಮೆಯಿರುವ ದ್ರಾಕ್ಷಿಯನ್ನು ಇಲ್ಲಿ ಬೆಳೆದು ಪೀಪಾಯಿಗೆ ಹಾಕಿದರೆ ಕೈಗೆ ಸಿಗುವುದು ಭಾರವಾದ, ಜಡವಾದ ವೈನ್ ಎಂಬುದು ನನ್ನ ಅಂದಾಜು. ಗ್ರಾವ್‌ನವರೂ ಹುಳಿಯನ್ನು ಕಾಪಾಡಿಕೊಳ್ಳುತ್ತಾರೆ: ಫ್ರಾನ್ಸಿನದೇ ಬರ್ಗಂಡಿ ಸೀಮೆಯ ಶಾರ್ಡೊನೆ ದ್ರಾಕ್ಷಿಯ ವೈನಿಗೆ ಮಾಡುವಂತೆ, ಹುಳಿಯನ್ನು ಮೆತ್ತಗಾಗಿಸುವ ಬ್ಯಾಕ್ಟೀರಿಯಾದ ಎರಡನೆಯ ಹುದುಗನ್ನು ನಡೆಯಗೊಡದೆ, ತಂಪು ಮತ್ತು ಗಂಧಕದ ಡೈಆಕ್ಸೈಡ್‌ನಿಂದ ಸಾಮಾನ್ಯವಾಗಿ ತಡೆದುಬಿಡುತ್ತಾರೆ. ಬರ್ಗಂಡಿಯ ಬೆಣ್ಣೆಯ ವಾಸನೆ ಇದರಲ್ಲಿ ಇಲ್ಲದಿರುವುದು ಅದಕ್ಕೇ.

ಜಯನಗರವಾಸಿ

ಮೂವರಿಗೂ ಧನ್ಯವಾದಗಳು. ಭಾವನವರು ಇನ್ನೊಂದು ಸೀಸೆಯನ್ನೂ ತಂದಿದ್ದು, ಅದನ್ನು ಕೆಲವು ವರ್ಷ ಇಟ್ಟು ನೋಡುವ ಆಸೆಯಿದೆ. ಬೆಂಗಳೂರಿನ ಮನೆಯ ಕಪಾಟಿನಲ್ಲಿ ಇಡಬಹುದೇ? ಕೆಟ್ಟರೆ ತಿಳಿಯುವುದು ಹೇಗೆ?

ಉತ್ತರ: ಗರೋನ್ ದಂಡೆ

ಮರುದಿನ ಚೆನ್ನಾಗಿತ್ತೆಂಬುದು ಭ್ರಮೆಯಲ್ಲ. ಗಸಿಯ ಮೇಲೆ, ಗಾಳಿಯ ಕೊರತೆಯಲ್ಲಿ ಬೆಳೆದ ಇಂಥ ವೈನ್ ಸೀಸೆಯಲ್ಲಿ ಮುದುಡಿಕೊಂಡಿರುತ್ತದೆ, ಗಾಳಿ ತಗುಲಿದಾಗ ಅರಳುತ್ತದೆ. ಫ್ರಿಜ್ಜಿನ ಐದು ಡಿಗ್ರಿ ಅದಕ್ಕೆ ಅತಿಯಾದ ತಂಪು. 11 ಅಥವಾ 12 ಡಿಗ್ರಿಗೆ ಬಂದ ಮೇಲೆ, ಕೊಂಚ ಅಗಲ ಬಾಯಿಯ ಲೋಟದಲ್ಲಿ ಕುಡಿಯಿರಿ.

ಇಡುವ ಮಾತಿಗೆ ಬಂದರೆ, ಬಾಳಿಕೆಯಲ್ಲಿ ಇದು ಬಿಳಿ ವೈನ್‌ಗಳ ಮೇಲಿನ ಪಂಕ್ತಿಯದು. ಅದೇ ಪೆಸಾಕ್-ಲೆಯೊನ್ಯಾಂನ ದೊಮೇನ್ ದ ಶೆವಾಲಿಯೇ ಎಂಬ ತೋಟದ ಬಿಳಿ ವೈನ್ ಪೀಪಾಯಿಯಲ್ಲೇ ಹದಿನೆಂಟು ತಿಂಗಳು ಕಳೆಯುತ್ತದೆ, ಒಳ್ಳೆಯ ವರ್ಷದ್ದಾದರೆ ಇಪ್ಪತ್ತು ವರ್ಷ ದಾಟಿಯೂ ಬದುಕಿರುತ್ತದೆ. ಆದರೆ ಆ ಲೆಕ್ಕ 12ರಿಂದ 14 ಡಿಗ್ರಿಯ, ಬೆಳಕಿಲ್ಲದ ನೆಲಮಾಳಿಗೆಯದು. ಏಪ್ರಿಲ್ ತಿಂಗಳಲ್ಲಿ ಜಯನಗರದ ಕಪಾಟಿನೊಳಗೆ 30 ಡಿಗ್ರಿ ಏರಿದರೆ ನಿಧಾನವಾಗಿ ಆಗಬೇಕಾದ ಕೆಲಸ ಬಹಳ ಬೇಗ, ಅದೂ ಅಡ್ಡಾದಿಡ್ಡಿಯಾಗಿ, ಆಗಿಹೋಗುತ್ತದೆ. ವೈನ್ ಇಡುವ ಸಣ್ಣ ತಂಪುಪೆಟ್ಟಿಗೆ ಇಲ್ಲದಿದ್ದರೆ ಮಾಮೂಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಮಲಗಿಸಿಡುವುದೇ ಕಪಾಟಿಗಿಂತ ಮೇಲು, ಆಗ ವರ್ಷದೊಳಗೆ ಕುಡಿದುಬಿಡಿ.

ಕೆಟ್ಟದ್ದನ್ನು ಕನ್ನಡದವರ ಮೂಗು ಸುಲಭವಾಗಿ ಹಿಡಿಯುತ್ತದೆ. ಬಿಳಿ ವೈನ್ ಗಾಳಿಯಿಂದ ಅಕಾಲದಲ್ಲಿ ಮುಪ್ಪಾದಾಗ ಅದರಲ್ಲಿ ಸೋಟೊಲಾನ್ ಎಂಬ ವಸ್ತು ಹೆಚ್ಚುತ್ತದೆ. ನಮ್ಮ ಅಡುಗೆಮನೆಯ ಮೆಂತ್ಯಕ್ಕೆ ಅದರ ವಾಸನೆಯನ್ನು ಕೊಡುವುದೂ ಅದೇ ವಸ್ತು. ಮಾಗಿದ ಸೆಮಿಯೋಂನ ಜೇನುಮೇಣ, ಹುರಿದ ಗೋಡಂಬಿ ಇವೆಲ್ಲ ಸರಿಯಾದ ಲಕ್ಷಣಗಳು, ಅವುಗಳ ಜೊತೆಗೆ ಹುಳಿಯೂ ಚುರುಕಾಗಿ ಉಳಿದಿರುತ್ತದೆ. ಬಣ್ಣ ಕಂದಿಗೆ ತಿರುಗಿ, ಬಾಯಲ್ಲಿ ಚುರುಕಿಲ್ಲದೆ, ಲೋಟದಿಂದ ಮೆಂತ್ಯದ ಡಬ್ಬಿ ತೆರೆದಂಥ ವಾಸನೆ ಬಂದರೆ ಆ ಸೀಸೆಯನ್ನು ಅತಿಥಿಗಳ ಮುಂದೆ ಇಡಬೇಡಿ.